ಚೀಟಿಯಲ್ಲಿ ಆ ಪ್ರಶ್ನೆ ಚಿಹ್ನೆ ಯಾಕೆ?

ಪ್ರಶ್ನೆ: ಅಪ್ಪನಿಗೆ ನಾಲ್ಕು ದಿನದಿಂದ ಜ್ವರ. ಆಸ್ಪತ್ರೆ ಚೀಟಿಯಲ್ಲಿ ‘ಸಿ/ಓ’, ‘ಎಚ್/ಓ’, ‘ಓ/ಇ’ ಅಂತೆಲ್ಲ ಗೀಚಿ ಕೊನೆಗೆ ‘? ಕೆಎಫ್‌ಡಿ’ ಎಂದು ಬರೆದಿದ್ದಾರೆ. ಕೆಎಫ್‌ಡಿ ಅಂದರೆ ಮಂಗನ ಕಾಯಿಲೆಯಂತೆ, ಅದು ಖಚಿತ ಅಂತಲೇ ಅರ್ಥವಾ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಲ್ಲ. ಆ ಪ್ರಶ್ನೆ ಚಿಹ್ನೆ ಇದೆ ನೋಡಿ, ಅದು ಡಾಕ್ಟರ ಅನುಮಾನ. ತೀರ್ಮಾನ ರಕ್ತದ ರಿಪೋರ್ಟ್ ಬಂದ ಮೇಲೆ. ಡೆಂಗಿ, ಇಲಿ ಜ್ವರ, ಮಂಗನ ಕಾಯಿಲೆ ಮೂರೂ ಶುರುವಾಗೋದು ಹೆಚ್ಚುಕಡಿಮೆ ಒಂದೇ ಥರ.

‘ಸಿ/ಓ’ ಅಂದರೆ ಅಪ್ಪ ಹೇಳಿಕೊಂಡ ತೊಂದರೆ. ತಲೆನೋವು, ಮೈಕೈ ನೋವು ಅವರು ಬಾಯಿಬಿಟ್ಟು ಹೇಳದೆ ಯಾರಿಗೂ ಕಾಣದು, ಇದು ಸಿಂಪ್ಟಮ್. ‘ಓ/ಇ’ ಅಂದರೆ ಪರೀಕ್ಷೆ ಮಾಡಿದಾಗ ಕಂಡದ್ದು: ಕೆಂಪಾದ ಕಣ್ಣು, ಥರ್ಮಾಮೀಟರಿನ 102 ಡಿಗ್ರಿ. ಇದು ಸೈನ್. ‘ಎಚ್/ಓ’ ಹಿಸ್ಟರಿ, ಅಂದರೆ ಹಿನ್ನೆಲೆ, ನಮ್ಮ ಕಡೆ ಎಡವಟ್ಟಾಗೋದು ಇಲ್ಲೇ. ‘ಕಾಡಿಗೆ ಹೋಗಿದ್ರಾ?’ ಅಂದರೆ ‘ಇಲ್ಲಪ್ಪ’ ಅಂತಾರೆ, ಯಾಕಂದ್ರೆ ಮನೆ ಹಿಂದಿನ ಗುಡ್ಡದಿಂದ ಕೊಟ್ಟಿಗೆಗೆ ದರಗು (ಒಣಗಿದ ಎಲೆ) ಗುಡಿಸಿ ತಂದದ್ದು ಅವರ ಲೆಕ್ಕದಲ್ಲಿ ಕಾಡಿಗೆ ಹೋದದ್ದೇ ಅಲ್ಲ! ರಕ್ತ ಹೀರುವ ಉಣುಗು (ಉಣ್ಣೆ ಹುಳ) ಹತ್ತೋದು ಅಲ್ಲೇ ಅಲ್ವಾ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಹರಡೋದು ಉಣುಗಿನಿಂದ. ದರಗು, ಸತ್ತ ಮಂಗ, ಏನಿದ್ದರೂ ನೀವೇ ಹೇಳಿಬಿಡಿ. ಕೇಳಲಿ ಅಂತ ಕಾಯಬೇಡಿ.

ರಿಪೋರ್ಟಿನಲ್ಲಿ ‘ನೆಗೆಟಿವ್’ ಬಂದರೆ ಹುಡುಕಿದ್ದು ಸಿಕ್ಕಿಲ್ಲ ಅಂತ ಅರ್ಥ. ಹಾಗಂತ ಜ್ವರ ಬಿಡದೇ ಇದ್ದರೆ ಸುಮ್ನೆ ಕೂರಬೇಡಿ, ಮತ್ತೆ ತೋರಿಸಿ.

ಪ್ರಶ್ನೆ: ‘ಕ್ರಾನಿಕ್’ ಅಂದರೆ ಕಾಯಿಲೆ ಜಾಸ್ತಿ ಆಗಿದೆ ಅಂತಲಾ?
– ಸಾಗರ

ಉತ್ತರ: ಬಹಳ ದಿನದ್ದು ಅಂತ, ಅಷ್ಟೇ. ‘ಅಕ್ಯೂಟ್’ ಅಂದರೆ ದಿಢೀರನೆ ಶುರುವಾದದ್ದು.

ಪ್ರಶ್ನೆ: ಎಕ್ಸ್‌ರೇ ಇರುವಾಗ ಡಾಕ್ಟರು ಬೆನ್ನಿಗೆ ಬೆರಳಿಟ್ಟು ಟಕಟಕ ಬಡಿಯೋದು ಯಾಕೆ?
– ಹೊಸನಗರ

ಉತ್ತರ: ಹಲಸಿನಕಾಯಿ ಬಲಿತಿದೆಯಾ ಅಂತ ನೀವು ಬಡಿದು ನೋಡಲ್ವಾ? ಇದಕ್ಕೆ ಪರ್ಕಶನ್ ಅಂತಾರೆ. 1761ರಲ್ಲೇ ಇದನ್ನು ಬರೆದಿಟ್ಟವನು ಆಸ್ಟ್ರಿಯಾದ ಔವೆನ್‌ಬ್ರುಗರ್ ಎಂಬ ವೈದ್ಯ. ಅವನ ಅಪ್ಪ ವಸತಿಗೃಹ ನಡೆಸುತ್ತಿದ್ದ. ಪೀಪಾಯಿಯಲ್ಲಿ ಮದ್ಯ ಎಷ್ಟಿದೆ ಅಂತ ಬಡಿದು ನೋಡೋದನ್ನು ಅಲ್ಲೇ ಕಂಡಿದ್ದನಂತೆ. ಗಾಳಿ ತುಂಬಿದ ಶ್ವಾಸಕೋಶ ಟೊಳ್ಳಾಗಿ ಗುಂಯ್ ಅನ್ನುತ್ತೆ. ನೀರು ತುಂಬಿಕೊಂಡ ಕಡೆ ಬರೋದು ಬರೀ ‘ದಪ್’.