ಮುದ್ದೆ ಒಂದೇ ಸಾಲದು, ಬಸ್ಸಾರೂ ಬೇಕು

ಮಗಳಿಗೆ ರಕ್ತ ಕಡಿಮೆ, ದಿನಾ ರಾಗಿ ಮುದ್ದೆ ಕೊಟ್ಟರೆ ಸಾಕಾ ಅಂತ ಕೇಳಿದ್ದೀರಿ. ಮುದ್ದೆ ಬಿಡಬೇಡಿ. ಆದರೆ ರಾಗಿಯಲ್ಲಿ ಜಾಸ್ತಿ ಇರುವುದು ಕ್ಯಾಲ್ಸಿಯಂ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ರಕ್ತಕ್ಕೆ ಬೇಕಾದ ಕಬ್ಬಿಣ ನಾಲ್ಕೈದು ಮಿಲಿಗ್ರಾಂ ಅಷ್ಟೇ, ಅದೂ ಪೂರ್ತಿ ಮೈಗೆ ಹತ್ತುವುದಿಲ್ಲ.

ನಮ್ಮ ಕೋಲಾರದ ಕಡೆ ಮುದ್ದೆ ಜೊತೆ ಬಸ್ಸಾರು ಇದ್ದೇ ಇರುತ್ತೆ ಅಲ್ವಾ? ದಂಟಿನ ಸೊಪ್ಪು, ಹುರುಳಿಕಾಳು ಹಾಕಿ ಮಾಡಿ. ಬಸಿದ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ವಿಟಮಿನ್ ಸಿ ಜೊತೆಗಿದ್ದರೆ ಸೊಪ್ಪು, ಕಾಳಿನ ಕಬ್ಬಿಣವನ್ನು ಮೈ ಚೆನ್ನಾಗಿ ಹೀರಿಕೊಳ್ಳುತ್ತೆ. ಊಟ ಆದ ತಕ್ಷಣ ಟೀ ಬೇಡ, ಒಂದು ಗಂಟೆಯಾದರೂ ಬಿಡಿ.

ನಮ್ಮಮ್ಮ ರಾಗಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಬಿಳಿ ಮೊಳಕೆ ಬಟ್ಟೆ ತೂರಿ ಇಣುಕಿದ ಮೇಲೆ ಒಣಗಿಸಿ, ಹುರಿದು ಬೀಸುತ್ತಾರೆ. ಮೊಳಕೆ ಬಂದರೆ ಕಬ್ಬಿಣವನ್ನು ಮೈಗೆ ಹತ್ತದಂತೆ ಹಿಡಿದಿಡುವ, ಕಾಳಿನಲ್ಲೇ ಇರುವ ಫೈಟೇಟ್ ಅನ್ನುವ ಅಂಶ ಕಡಿಮೆಯಾಗುತ್ತೆ. ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ ದಯವಿಟ್ಟು ನಿಲ್ಲಿಸಬೇಡಿ.