ಅಮೆರಿಕದಲ್ಲಿ ನಾರ್ವೇಜಿಯನ್ ಅಳಿದದ್ದಕ್ಕೆ ತಂದೆತಾಯಿಯರ ಅಸಡ್ಡೆಯೇ ಕಾರಣವೇ?

ಅಮೆರಿಕಕ್ಕೆ ವಲಸೆ ಹೋದ ನಾರ್ವೆಯವರು ಮಕ್ಕಳಿಗೆ ತಮ್ಮ ಭಾಷೆಯನ್ನು ಕಲಿಸುವ ಗೋಜಿಗೇ ಹೋಗಲಿಲ್ಲವೇ, ಅದಕ್ಕೇ ಅದು ಅಲ್ಲಿ ಅಳಿಯಿತೇ ಎಂದು ಕೇಳಿದ್ದೀರಿ. ವಲಸಿಗರ ಭಾಷೆಗಳ ಚರಿತ್ರೆಯನ್ನು ಆಸಕ್ತಿಯಿಂದ ಓದುತ್ತ ಬಂದಿರುವ ನನಗೆ ಈ ಆರೋಪ ನ್ಯಾಯವೆನಿಸುವುದಿಲ್ಲ. 1825ರಲ್ಲಿ ಸ್ಟಾವಾಂಗರ್‌ನಿಂದ ಹೊರಟ ಪುಟ್ಟ ಹಾಯಿಹಡಗೊಂದು ನ್ಯೂಯಾರ್ಕ್ ತಲುಪಿದ ಮೇಲೆ ಸುಮಾರು ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಅದೇ ದಾರಿ ಹಿಡಿದರು. ವಿಸ್ಕಾನ್ಸಿನ್, ಮಿನ್ನೆಸೋಟ, ಅಯೋವಗಳ ಕೆಲವು ಹಳ್ಳಿಗಳಲ್ಲಂತೂ ಅವರ ಭಾಷೆ ಮೂರು ನಾಲ್ಕು ತಲೆಮಾರು ಬಾಳಿತು.

ಅಷ್ಟು ಕಾಲ ಬಾಳಿದ್ದಕ್ಕೆ ಮುಖ್ಯ ಕಾರಣ, ನಾರ್ವೆಯ ಒಂದೇ ಕಣಿವೆಯಿಂದ ಬಂದವರು ಅಮೆರಿಕದಲ್ಲಿಯೂ ಅಕ್ಕಪಕ್ಕದಲ್ಲೇ ಜಮೀನು ಹಿಡಿದು ನೆಲೆಸಿದ್ದು. ಮನೆಯ ಮಾತು, ನೆರೆಮನೆಯ ಮಾತು, ಭಾನುವಾರದ ಪ್ರಾರ್ಥನೆಯ ಮಾತು ಎಲ್ಲವೂ ನಾರ್ವೇಜಿಯನ್ನೇ ಆಗಿತ್ತು. ಅಯೋವದ ಡೆಕೋರಾ ಪಟ್ಟಣದಿಂದ 1874ರಲ್ಲಿ ಹೊರಡತೊಡಗಿದ ‘ಡೆಕೋರಾ ಪೋಸ್ಟೆನ್’ ಪತ್ರಿಕೆ 1972ರವರೆಗೂ ನಡೆಯಿತು. ಅದರಲ್ಲಿ ಮಿನ್ನೆಸೋಟದ ರೈತ ಪೀಟರ್ ರೋಸೆಂಡಾಲ್ 1918ರಿಂದ ಬರೆದ ವ್ಯಂಗ್ಯಚಿತ್ರಮಾಲೆಯ ಪಾತ್ರಗಳು ಊರಿನ ಆಡುಮಾತನ್ನೇ, ಇಂಗ್ಲಿಷ್ ಪದಗಳನ್ನು ಧಾರಾಳವಾಗಿ ಬೆರೆಸಿ, ಆಡುತ್ತಿದ್ದವು. ಇದನ್ನು ಕಲಬೆರಕೆಯೆಂದು ತಳ್ಳಿಹಾಕುವುದು ಸರಿಯಲ್ಲ: ಅಯೋವದಲ್ಲೇ ಹುಟ್ಟಿ ಈ ಮಾತನ್ನು ಆಳವಾಗಿ ಅಧ್ಯಯನ ಮಾಡಿದ ಐನಾರ್ ಹೌಗೆನ್, ಎರವಲು ಪದಗಳಿಗೂ ನಾರ್ವೇಜಿಯನ್ ಲಿಂಗ, ಪ್ರತ್ಯಯಗಳೇ ಹತ್ತುತ್ತಿದ್ದುದನ್ನು ವಿವರವಾಗಿ ತೋರಿಸಿದ್ದಾರೆ. ಹೊಲ, ಬೇಲಿ, ಹಳ್ಳ ಮುಂತಾದವುಗಳಿಗೆ ಇಂಗ್ಲಿಷ್ ಪದ ಬಂದರೂ ವ್ಯಾಕರಣ ಕದಲಲಿಲ್ಲ.

ಅವನತಿಯ ಮಾತು ಬಂದಾಗ ಹಲವರು 1918ರ ಮೇ ತಿಂಗಳಲ್ಲಿ ಅಯೋವದ ಗವರ್ನರ್ ವಿಲಿಯಂ ಹಾರ್ಡಿಂಗ್ ಹೊರಡಿಸಿದ ಆಜ್ಞೆಯನ್ನು ಎತ್ತಿ ತೋರುತ್ತಾರೆ. ಶಾಲೆ, ಸಾರ್ವಜನಿಕ ಸ್ಥಳ, ಚರ್ಚು, ಕಡೆಗೆ ಟೆಲಿಫೋನಿನಲ್ಲೂ ಇಂಗ್ಲಿಷನ್ನೇ ಬಳಸಬೇಕೆಂದ ಆ ಆಜ್ಞೆ ಕ್ರೂರವಾದದ್ದೇ. ಇಂಗ್ಲಿಷ್ ಬಾರದ ಮುದುಕಿ ತನ್ನ ಚರ್ಚಿನಲ್ಲಿ ಮೂಕಳಾಗಿ ಕೂರಬೇಕಾದ ಸ್ಥಿತಿಯನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಆದರೆ ಅದು ಯುದ್ಧಕಾಲದ ಕೆಲವೇ ತಿಂಗಳ ಮಾತು. ನನ್ನ ಮಟ್ಟಿಗೆ, ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಚರ್ಚಿನ ಒಳಗಿನಿಂದಲೇ. ಯುವಜನ ಕೈತಪ್ಪಿ ಹೋದಾರೆಂಬ ಭಯದಿಂದ ಮೊದಲು ಮಕ್ಕಳ ಧರ್ಮಪಾಠ, ಆಮೇಲೆ ಉಪದೇಶ ಇಂಗ್ಲಿಷಿಗೆ ತಿರುಗಿದವು. 1920ರ ದಶಕ ಮುಗಿಯುವಷ್ಟರಲ್ಲಿ ಇಂಗ್ಲಿಷೇ ಮುಂದಾಗಿತ್ತು. 1924ರ ವಲಸೆ ಕಾನೂನಿನಿಂದ ಹೊಸಬರ ಬರುವಿಕೆಯೂ ಕುಗ್ಗಿತ್ತು. ಧರ್ಮಪಾಠಕ್ಕೂ ಬೇಡವಾದ ಭಾಷೆಯನ್ನು ತಾಯಿಯೊಬ್ಬಳೇ ಅಡುಗೆಮನೆಯಲ್ಲಿ ಎಷ್ಟು ಕಾಲ ಹಿಡಿದಿಡಬಲ್ಲಳು?

ಇಷ್ಟಾದರೂ ವಿಸ್ಕಾನ್ಸಿನ್‌ನ ಕೂನ್ ವ್ಯಾಲಿ, ವೆಸ್ಟ್‌ಬಿ ಕಡೆಯ ಕೆಲವು ವೃದ್ಧರು ಈ ಶತಮಾನದಲ್ಲೂ ನಿರರ್ಗಳವಾಗಿ ಮಾತನಾಡುತ್ತಿದ್ದರು. ನಾರ್ವೆಯ ಆಸ್ಲೋ ವಿಶ್ವವಿದ್ಯಾನಿಲಯದ ಭಾಷಾವಿಜ್ಞಾನಿ ಯಾನ್ನೆ ಬೊಂಡಿ ಯೊಹಾನೆಸೆನ್ ಮತ್ತು ಅವರ ಸಂಗಡಿಗರು ಅಂಥವರ ಮಾತನ್ನು ಧ್ವನಿಮುದ್ರಿಸಿದರು. ಶಾಲೆಗೆ ಸೇರಿದ ಮೇಲೆಯೇ ಇಂಗ್ಲಿಷ್ ಕಲಿತವರು ಅವರಲ್ಲಿ ಎಷ್ಟೋ ಮಂದಿ. ತಂದೆತಾಯಿಯರು ಕಲಿಸಲೇ ಇಲ್ಲವೆಂದು ಅವರ ಮುಂದೆ ಹೇಳಲು ನನಗೆ ಬಾಯಿ ಬಾರದು.