ದಾಖಲಾತಿ ಪುಸ್ತಕದ ಒಂದು ಸಾಲು, ಧುರೀಣರ ಒಂದು ಚೀಟಿ

ಪ್ರಶ್ನೆ: ನಾವು ಸಿದ್ದಿ ಕ್ರೈಸ್ತರು. ಮಗಳನ್ನು ಒಂದನೇ ತರಗತಿಗೆ ಸೇರಿಸಲು ಹೋದಾಗ ಜಾತಿ ಪ್ರಮಾಣಪತ್ರ ತನ್ನಿ ಎಂದರು. ಅದಕ್ಕೆ ಅರ್ಜಿ ಕೊಟ್ಟರೆ ‘ಕ್ರೈಸ್ತರಿಗೆ ಎಸ್‌ಟಿ ಬರುವುದಿಲ್ಲ’ ಎಂದು ವಾಪಸು ಕಳಿಸಿದರು.
– ಯಲ್ಲಾಪುರ ಕಡೆಯ ಓದುಗರು

ಉತ್ತರ: ಎರಡೂ ಕಡೆ ನಿಮಗೆ ತಪ್ಪು ಹೇಳಿದ್ದಾರೆ. ಜಾತಿ ಪ್ರಮಾಣಪತ್ರ ಬೇಕಾಗುವುದು ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟಿಗೆ, ಒಂದನೇ ತರಗತಿಗಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಸಹ ಮಗುವನ್ನು ಹೊರಗಿಡುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ. ಮೊದಲು ಮಗಳು ಶಾಲೆಗೆ ಹೋಗಲಿ.

ಧರ್ಮದ ನೆಪವಂತೂ ನಿಲ್ಲುವುದೇ ಇಲ್ಲ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಎಂಬ ಕಟ್ಟು ಇರುವುದು ಪರಿಶಿಷ್ಟ ಜಾತಿಗೆ, ಪಂಗಡಕ್ಕೆ ಅದಿಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತ ಯಾರಾದರೂ ಸಿದ್ದಿ ಸಿದ್ದಿಯೇ. ಎಡವಟ್ಟು ಆಗುವುದು ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಜಾತಿಯ ಕಾಲಂನಲ್ಲಿ ‘ಸಿದ್ದಿ’ ಎಂದು ಬರೆಯುವ ಬದಲು ‘ಕ್ರಿಶ್ಚಿಯನ್’ ಎಂದು ಗೀಚಿದರೆ, ಆ ಒಂದು ಸಾಲು ಮುಂದೆ ಕಾಲೇಜಿನವರೆಗೂ ಮಗುವಿನ ಬೆನ್ನು ಹತ್ತುತ್ತದೆ. ಸೇರಿಸುವ ದಿನವೇ ಧರ್ಮ, ಜಾತಿ ಎರಡೂ ಕಾಲಂ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.

ತಹಶೀಲ್ದಾರರು ಪ್ರಮಾಣಪತ್ರ ನಿರಾಕರಿಸಿದರೆ ಕಾರಣ ಸಹಿತ ಲಿಖಿತ ಆದೇಶ ಪಡೆಯಿರಿ. ಬಾಯಿಮಾತಿನ ಮೇಲೆ ಮೇಲ್ಮನವಿ ನಡೆಯುವುದಿಲ್ಲ. ಆದೇಶ ಸಿಕ್ಕ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಕೊಡಬಹುದು. ಯಲ್ಲಾಪುರದವರಿಗೆ ಆ ಕಚೇರಿ ಇರುವುದು ಶಿರಸಿಯಲ್ಲಿ.

ಪ್ರಶ್ನೆ: ನಮ್ಮೂರ ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕಿಯನ್ನು ಪಕ್ಷದ ಧುರೀಣರ ಚೀಟಿಯ ಮೇಲೆ ತೆಗೆದುಕೊಂಡಿದ್ದಾರೆ. ಹೆಚ್ಚು ಅಂಕ ಇದ್ದವರು ಹೊರಗುಳಿದರು. ಕೇಳುವುದು ಹೇಗೆ?
– ಅಂಕೋಲಾ ಕಡೆಯ ಓದುಗರು

ಉತ್ತರ: ಮಾಹಿತಿ ಹಕ್ಕಿನಲ್ಲಿ, 10 ರೂಪಾಯಿ ಶುಲ್ಕ ಕಟ್ಟಿ. ಹೆಚ್ಚಿನ ಅರ್ಜಿಗಳು ಎಡವುವುದು ಒಂದೇ ಕಡೆ: ‘ಇವರನ್ನೇ ಯಾಕೆ ತೆಗೆದುಕೊಂಡಿರಿ?’ ಎಂದು ಬರೆಯುತ್ತಾರೆ. ‘ಯಾಕೆ’ಗೆ ಉತ್ತರಿಸುವ ಹೊಣೆ ಮಾಹಿತಿ ಅಧಿಕಾರಿಗಿಲ್ಲ, ಇರುವ ಕಾಗದ ಕೊಡುವ ಹೊಣೆ ಇದೆ. ಹಾಗಾಗಿ ಕಾಗದವನ್ನೇ ಕೇಳಿ: ಅರ್ಜಿ ಕರೆದ ಸೂಚನೆ, ಬಂದ ಅರ್ಜಿಗಳ ಪಟ್ಟಿ, ಅಂಕವಾರು ಮೆರಿಟ್ ಪಟ್ಟಿ, ಆಯ್ಕೆ ಮಾಡಿದ ಸಭೆಯ ನಡಾವಳಿ. ಆಯ್ಕೆಯಾದವರ ಅಂಕಪಟ್ಟಿಯ ಜೆರಾಕ್ಸ್ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕುತ್ತಾರೆ, ಅದನ್ನು ಬಿಡಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ನಡಾವಳಿ ಕೈಗೆ ಬಂದಾಗ ಕೆಳಗಿನ ಸಹಿಗಳನ್ನು ನೋಡಿ: ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಕ್ಕಾಲು ಪಾಲು ಪೋಷಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಆ ಶಾಲೆಯಲ್ಲಿ ಮಕ್ಕಳೇ ಓದದವರು ಪೋಷಕರ ಹೆಸರಲ್ಲಿ ಸಹಿ ಹಾಕಿದ್ದರೆ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡುವ ದೂರಿನಲ್ಲಿ ಅದನ್ನೇ ಮೊದಲು ಬರೆಯಿರಿ.